ಬಂಡೆಯಿಂದ ಗೋಡೆ ಬಿಡಿಸುವ ಕೆಲಸ: ಚಿತ್ರದುರ್ಗದ ಕೋಟೆಯ ಒಂದು ದೊಡ್ಡ ಪ್ರಿಂಟ್

ಚಿತ್ರದುರ್ಗದ ಕೋಟೆಯ ಗೋಡೆ ಕಟ್ಟಿರುವುದು ಅಲ್ಲಿಯದೇ ಬಂಡೆ ಸೀಳಿ. ಎದುರು ನಿಂತು ನೋಡುವಾಗ ಅದರ ಚಂದವೇ ಅದು: ಗುಡ್ಡ ಎಲ್ಲಿ ಮುಗಿಯಿತು, ಕೋಟೆ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆದು ಹೇಳಲಾಗುವುದಿಲ್ಲ. ಕ್ಯಾಮೆರಾಕ್ಕೆ ಮಾತ್ರ ಇದೇ ತೊಡಕು. ಒಂದೇ ಕಲ್ಲು, ಒಂದೇ ಬೂದು, ಒಂದೇ ಹೊಳಪು. ನಮ್ಮ ಎರಡು ಕಣ್ಣಿಗೆ ಸಿಗುವ ಆಳ ಒಂದು ಲೆನ್ಸಿಗೆ ಸಿಗುವುದಿಲ್ಲ. ಹತ್ತು ಗಂಟೆಯ ಬಿಸಿಲಲ್ಲಿ ತೆಗೆದ ಫೋಟೋದಲ್ಲಿ ಏಳು ಸುತ್ತಿನ ಕೋಟೆ ಬರೀ ಕಲ್ಲಿನ ರಾಶಿಯಾಗಿ ಕಾಣುತ್ತದೆ. ಅದನ್ನು ಸರಿಮಾಡಲು ಜನ ಎಡಿಟಿಂಗ್‌ನಲ್ಲಿ ಬಣ್ಣ ಏರಿಸುತ್ತಾರೆ, ಕಲ್ಲು ಕಿತ್ತಳೆಯಾಗುತ್ತದೆ, ಆಕಾಶ ಕಡುನೀಲಿಯಾಗುತ್ತದೆ. ಗೋಡೆ ಮಾತ್ರ ಬಂಡೆಯಿಂದ ಬಿಡಿಸಿಕೊಳ್ಳುವುದೇ ಇಲ್ಲ.

ದಾವಣಗೆರೆಯ ನಮ್ಮ ಬಡಾವಣೆಯ ಓದುವ ಕೋಣೆಯಲ್ಲಿ ಒಂದು ಉದ್ದನೆಯ ಗೋಡೆ ಖಾಲಿ ಇತ್ತು. ಅಲ್ಲಿಗೆ 40 ಇಂಚು ಅಗಲ, 20 ಇಂಚು ಎತ್ತರದ ಕೋಟೆಯ ಪ್ರಿಂಟ್ ಮಾಡಿಕೊಡುತ್ತೇನೆಂದು ಒಪ್ಪಿಕೊಂಡೆ. ಬೆಳಕು, ಲೆನ್ಸ್, ಎಡಿಟಿಂಗ್, ಕಾಗದ ಎಲ್ಲವನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ಆರಿಸಿದೆ: ಇದರಿಂದ ಗೋಡೆ ಬಂಡೆಯಿಂದ ಬೇರೆಯಾಗುತ್ತದೆಯೋ ಇಲ್ಲವೋ. ಆ ಕೆಲಸದ ವಿವರವನ್ನು, ಬೇರೆಯವರಿಗೂ ಉಪಯೋಗಕ್ಕೆ ಬರಲಿ ಎಂದು, ನಡೆದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಜಾಗ ಮತ್ತು ಸೂರ್ಯ

ಕೋಟೆಗೆ ಬರುವವರೆಲ್ಲ ಒನಕೆ ಓಬವ್ವನ ಕಿಂಡಿಯ ಮುಂದೆ ಫೋಟೋ ತೆಗೆಯುತ್ತಾರೆ, ತೆಗೆಯಬೇಕು ಕೂಡ. ಆದರೆ ಅದು ಇಕ್ಕಟ್ಟಿನ ಜಾಗ. ಕಥೆ ಗೊತ್ತಿದ್ದವರಿಗೆ ಅಲ್ಲಿ ಮೈ ಜುಮ್ಮೆನ್ನುತ್ತದೆ, ಕಥೆ ಗೊತ್ತಿಲ್ಲದವರಿಗೆ ಚಿತ್ರದಲ್ಲಿ ಕಾಣುವುದು ಕಲ್ಲಿನ ಸಂದಿ ಅಷ್ಟೆ. ಹಿಡಿಂಬೇಶ್ವರ ಗುಡಿಯ ಸುತ್ತ, ಉಯ್ಯಾಲೆ ಕಂಬದ ಹತ್ತಿರ, ಅಕ್ಕ ತಂಗಿ ಹೊಂಡದ ದಡದಲ್ಲಿ ಎಲ್ಲ ಓಡಾಡಿ ನೋಡಿದೆ. ಚಂದದ ಜಾಗಗಳೇ. ನನಗೆ ಬೇಕಿದ್ದದ್ದು ಗೋಡೆ ಬಂಡೆಯನ್ನು ಹತ್ತಿ ಹೋಗುವ ಒಂದು ತುಂಡು, ಅದರ ಮುಂದೆ ನಿಲ್ಲಲು ಸ್ವಲ್ಪ ಬಯಲು.

ಸಿಕ್ಕಿತು. ಅದು ಹೆಚ್ಚುಕಡಿಮೆ ಪೂರ್ವ ಪಶ್ಚಿಮವಾಗಿ ಹರಿದಿರುವ, ದಕ್ಷಿಣಕ್ಕೆ ಮುಖ ಮಾಡಿರುವ ಗೋಡೆ. ಅದರ ಮುಂದೆ ಸೊಂಟದೆತ್ತರದ ಒಂದು ಬಂಡೆ, ಬಂಡೆಯ ಅಂಚಿನುದ್ದಕ್ಕೂ ಸಾಲಾಗಿ ಬೆಣೆಗುಳಿಗಳು. ಕೋಟೆಯಲ್ಲಿ ಓಡಾಡಿದವರು ಇಂಥ ಗುಳಿಗಳನ್ನು ಕಂಡಿರುತ್ತಾರೆ. ಕಲ್ಲುಕುಟಿಗರು ಉಳಿಯಿಂದ ಸಾಲಾಗಿ ಗುಳಿ ತೋಡಿ, ಅದರಲ್ಲಿ ಬೆಣೆ ಕೂರಿಸಿ ಬಡಿದು ಬಂಡೆ ಸೀಳಿದ ಗುರುತು ಅವು. ಒಂದೊಂದು ಗುಳಿಯೂ ನಾಲ್ಕು ಬೆರಳು ಇಳಿಯುವಷ್ಟು ಅಗಲ. ಒಳಗೆ ಕೈಯಾಡಿಸಿದರೆ ಉಳಿಯ ಏಟು ಇಂದಿಗೂ ಗರಗರ ಅನ್ನುತ್ತದೆ. ಸೀಳಿ ಹೋದ ಅರ್ಧ ಬಂಡೆ ಎಲ್ಲಿ ಹೋಯಿತು ಎಂದು ಯಾರೂ ಹೇಳಬೇಕಾಗಿಲ್ಲ, ಹಿಂದೆ ಗೋಡೆ ನಿಂತಿದೆ. ಮುಂದೆ ಬೆಣೆಗುಳಿ, ಹಿಂದೆ ಗೋಡೆ ಇರುವ ಒಂದೇ ಫ್ರೇಮು ಕೋಟೆ ಹೇಗೆ ಎದ್ದಿತು ಎಂಬುದನ್ನು ತಾನೇ ಹೇಳುತ್ತದೆ. ಆ ಬಂಡೆ ಕಂಡ ಮೇಲೆ ಬೇರೆ ಜಾಗ ಹುಡುಕಲಿಲ್ಲ.

ಇನ್ನು ಬೆಳಕು. ಗೋಡೆ ಬೇರೆಯಾಗಿ ಕಾಣಬೇಕಾದರೆ ಅದರ ಸಂದುಗಳು ಕಾಣಬೇಕು. ಬಂಡೆಯ ಮೈ ದುಂಡಗೆ. ಬಿಸಿಲು ಅದರ ಮೇಲೆ ನಿಧಾನವಾಗಿ ನೆರಳಿಗೆ ಇಳಿಯುತ್ತದೆ. ಗೋಡೆಯದು ಚೌಕ ಕಲ್ಲು. ಅಲ್ಲಿ ಬೆಳಕು ನೆರಳು ತಟ್ಟನೆ ಬದಲಾಗಬೇಕು. ಈ ಎರಡರ ವ್ಯತ್ಯಾಸವನ್ನು ತೋರಿಸುವುದು ಓರೆ ಬಿಸಿಲು ಮಾತ್ರ.

ಚಿತ್ರದುರ್ಗ ಸುಮಾರು 14.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ನಡುವಿನಲ್ಲಿ ಒಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ನೇರ ಬರುತ್ತಾನೆ. ಇವೆರಡರ ನಡುವೆ ಅವನು ಮಧ್ಯಾಹ್ನ ನಮ್ಮ ಉತ್ತರಕ್ಕಿರುತ್ತಾನೆ. ಜೂನ್‌ನಲ್ಲಂತೂ ದಕ್ಷಿಣ ಮುಖದ ಗೋಡೆಗೆ ಇಡೀ ದಿನ ನೇರ ಬಿಸಿಲೇ ಬೀಳುವುದಿಲ್ಲ. ಡಿಸೆಂಬರ್‌ನಲ್ಲಿ ಇದು ತಿರುವುಮುರುವು. ಆಗ ಸೂರ್ಯ ಹುಟ್ಟುವುದು ನೇರ ಪೂರ್ವಕ್ಕಿಂತ 24 ಡಿಗ್ರಿ ದಕ್ಷಿಣಕ್ಕೆ ಸರಿದು, ತಿಂಗಳ ನಡುವಿನಲ್ಲಿ ಸುಮಾರು 6:40ಕ್ಕೆ. ಏಳೂವರೆ ಹೊತ್ತಿಗೆ 10 ಡಿಗ್ರಿ ಏರಿರುತ್ತಾನೆ, ಬಿಸಿಲು ಗೋಡೆಯ ಮೈಗೆ 27 ಡಿಗ್ರಿ ಓರೆಯಲ್ಲಿ ಸವರಿಕೊಂಡು ಹೋಗುತ್ತದೆ. ಒಂದು ಕಲ್ಲು ಪಕ್ಕದ ಕಲ್ಲಿಗಿಂತ ಒಂದು ಸೆಂಟಿಮೀಟರ್ ಮುಂದೆ ಚಾಚಿದ್ದರೆ ಎರಡು ಸೆಂಟಿಮೀಟರ್ ನೆರಳು ಬೀಳುತ್ತದೆ. ಒಂಬತ್ತಕ್ಕೆ ಆ ನೆರಳು ಒಂದೂಕಾಲು ಚಿಲ್ಲರೆಗೆ ಇಳಿಯುತ್ತದೆ, ಜೊತೆಗೆ ಬಿಸಿಲು ಬಿಳಿಚಿಕೊಳ್ಳುತ್ತದೆ. ಹಾಗಾಗಿ ಡಿಸೆಂಬರ್, ಏಳೂವರೆಯಿಂದ ಎಂಟರ ಒಳಗೆ. ದಾವಣಗೆರೆಯಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ 60 ಕಿಲೋಮೀಟರ್ ಚಿಲ್ಲರೆ ದಾರಿ. ಕತ್ತಲಲ್ಲೇ ಹೊರಟರೆ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಬಹುದು.

ರಾಗಿ ಚೀಲ

ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಟ್ರೈಪಾಡ್ ಹೂಡಬೇಕಾದರೆ ಮೊದಲೇ ಅನುಮತಿ ಪಡೆಯಬೇಕು. ನನಗೆ ಟ್ರೈಪಾಡ್ ಬೇಕಿರಲಿಲ್ಲ, ಎದೆಮಟ್ಟದ ಇನ್ನೊಂದು ಬಂಡೆ ಸರಿಯಾದ ಜಾಗದಲ್ಲೇ ಇತ್ತು. ಅದರ ಮೇಲೆ ಕ್ಯಾಮೆರಾ ಕೂರಿಸಲು ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಒಂದು ಚೀಲ ಹೊಲಿದೆ. ಒಂದು ಗೇಣು ಉದ್ದ, ಎರಡೂ ಕಡೆ ಜೋಡಿ ಹೊಲಿಗೆ, ಒಂದು ತುದಿಯಲ್ಲಿ ಜಿಪ್. ಒಳಗೆ ಮುಕ್ಕಾಲು ಭಾಗ ರಾಗಿ ತುಂಬಿದೆ. ಪೂರ್ತಿ ತುಂಬಿದರೆ ಕ್ಯಾಮೆರಾ ಅದರ ಮೇಲೆ ಉರುಳುತ್ತದೆ, ಅರ್ಧ ತುಂಬಿದರೆ ಕುಸಿದು ಕಲ್ಲಿಗೆ ತಾಗುತ್ತದೆ. ಮೆಕ್ಕೆಜೋಳ ನಮ್ಮ ಕಡೆ ಬೇಕಾದಷ್ಟು ಸಿಗುತ್ತದೆ, ಆದರೆ ಕಾಳು ದಪ್ಪ, ಕ್ಯಾಮೆರಾದ ಆಕಾರಕ್ಕೆ ಬಗ್ಗುವುದಿಲ್ಲ. ರಾಗಿ ಸಣ್ಣ ಕಾಳು, ಒತ್ತಿದಲ್ಲಿ ಕೂರುತ್ತದೆ. ಅದಕ್ಕೆ ಹುಳ ಬೀಳುವುದೂ ಅಪರೂಪ.

40 ಇಂಚಿನ ಪ್ರಿಂಟಿಗೆ ನನ್ನ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಫೋಟೋ ಸಾಲದು. ಅದರ ಅಗಲ 6000 ಪಿಕ್ಸೆಲ್. ಇಂಚಿಗೆ 150 ಆಯಿತು. ದೂರದಿಂದ ನೋಡಲು ಅಷ್ಟು ಸಾಕು. ಆದರೆ ಬೆಣೆಗುಳಿ ಕಂಡವರು ಹತ್ತಿರ ಹೋಗಿ ನೋಡೇ ನೋಡುತ್ತಾರೆ, ನೋಡಬೇಕೆಂದೇ ಇಡುತ್ತಿರುವುದು. ಆದ್ದರಿಂದ ಕ್ಯಾಮೆರಾವನ್ನು ನಿಲುವಾಗಿ ಹಿಡಿದು, ಪಕ್ಕಪಕ್ಕದ ನಾಲ್ಕು ಫೋಟೋ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದೇ ಚಿತ್ರವಾಗಿ ಹೊಲಿಯುವುದು ಎಂದು ಗೊತ್ತುಮಾಡಿಕೊಂಡೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಮುಂದಿನ ಬಂಡೆ ನಾಲ್ಕು ಮೀಟರ್ ದೂರ, ಗೋಡೆ ಅದರ ಬಹಳ ಹಿಂದೆ. ಕ್ಯಾಮೆರಾವನ್ನು ಅದರ ಹೊಟ್ಟೆಯ ಮೇಲೆ ತಿರುಗಿಸಿದರೆ ಫೋಟೋದಿಂದ ಫೋಟೋಗೆ ಬಂಡೆ ಗೋಡೆಯ ಮುಂದೆ ಜಾರುತ್ತದೆ, ಹೊಲಿಗೆ ಕೂಡುವುದಿಲ್ಲ. ಲೆನ್ಸಿನೊಳಗೆ ಬೆಳಕಿನ ಗೆರೆಗಳು ಹಾಯುವ ಬಿಂದುವಿನ ಮೇಲೇ ತಿರುಗಿಸಬೇಕು. ಆ ಬಿಂದುವನ್ನು ಮನೆಯಲ್ಲೇ ಕಂಡುಕೊಳ್ಳಬಹುದು. ತಾರಸಿಯ ಮೇಲೆ ಹತ್ತಿರದಲ್ಲಿ ಒಂದು ಕೋಲು ನಿಲ್ಲಿಸಿ, ದೂರದ ಲೈಟ್ ಕಂಬದ ಜೊತೆ ಒಂದೇ ಗೆರೆಗೆ ತನ್ನಿ. ಕ್ಯಾಮೆರಾ ಎಡಬಲ ತಿರುಗಿಸಿದಾಗ ಕೋಲು ಕಂಬದಿಂದ ಸರಿದರೆ, ತಿರುಗಿಸುವ ಬಿಂದುವನ್ನು ಲೆನ್ಸಿನ ಉದ್ದಕ್ಕೆ ಸ್ವಲ್ಪ ಹಿಂದೆಯೋ ಮುಂದೆಯೋ ಸರಿಸಿ ಮತ್ತೆ ನೋಡಿ. ಎರಡೂ ಅಂಟಿಕೊಂಡೇ ಇರುವ ಜಾಗ ಸಿಕ್ಕ ಮೇಲೆ ಲೆನ್ಸಿನ ಮೇಲೆ ಅಲ್ಲಿಗೆ ಒಂದು ಬಣ್ಣದ ದಾರ ಕಟ್ಟಿಕೊಳ್ಳಿ. ಚೀಲದ ಮೇಲೂ ಒಂದು ಹೊಲಿಗೆಯ ಗುರುತು. ಕೋಟೆಯಲ್ಲಿ ದಾರ ಗುರುತಿನ ಮೇಲೆ ಇರುವಂತೆ ತಿರುಗಿಸಿದರೆ ಆಯಿತು.

ಫ್ರೇಮು

ಲೆನ್ಸು 35 ಎಂಎಂ, ಎಪಿಎಸ್‌-ಸಿ ಎಂಬ ಚಿಕ್ಕ ಅಳತೆಯ ಸೆನ್ಸರಿನ ಮೇಲೆ. 18 ಎಂಎಂ ಹಾಕಿದ್ದರೆ ಒಂದೇ ಫೋಟೋದಲ್ಲಿ ಎಲ್ಲ ಹಿಡಿಯುತ್ತಿತ್ತು, ಆದರೆ ಪಿಕ್ಸೆಲ್ ಸಾಲುತ್ತಿರಲಿಲ್ಲ. ಆ ಲೆನ್ಸು ಹಾಕಿ ಬಂಡೆಗೆ ಇನ್ನೂ ಹತ್ತಿರ ಹೋದರೆ ಬಂಡೆ ರಾಕ್ಷಸಾಕಾರವಾಗಿ ಗೋಡೆ ಹಿಂದೆಲ್ಲೋ ಕುಗ್ಗಿ ಕೂರುತ್ತದೆ. ಕೋಟೆ ಕಟ್ಟಿದವರ ಶ್ರಮ ಕಾಣಬೇಕಾದ ಚಿತ್ರದಲ್ಲಿ ಗೋಡೆ ಕುಗ್ಗಬಾರದು. ನಾಲ್ಕು ಮೀಟರ್ ಹಿಂದೆ ನಿಂತರೆ ಎರಡರ ಗಾತ್ರವೂ ಕಣ್ಣು ಕಂಡ ಹಾಗೆ ಉಳಿಯುತ್ತದೆ, ಉದ್ದದ ಲೆನ್ಸಿನಲ್ಲಿ ತುಂಡುತುಂಡಾಗಿ ತೆಗೆದರೆ ವಿವರವೂ ಸಿಗುತ್ತದೆ.

ಲೆನ್ಸಿನ ಕಿಂಡಿಯ ಅಳತೆ ಎಫ್/11, ಬೆಳಕಿನ ಸೂಕ್ಷ್ಮತೆ ಐಎಸ್‌ಒ 100, ಶಟರ್ 1/60 ಸೆಕೆಂಡ್. ಫೋಕಸ್ 8 ಮೀಟರಿಗೆ ಇಟ್ಟೆ. ಈ ಲೆನ್ಸಿಗೆ, ಈ ಎಫ್ ಸಂಖ್ಯೆಗೆ ಆಗ ಮೂರೂಕಾಲು ಮೀಟರಿನಿಂದ ಆಚೆಗೆಲ್ಲ ಚುರುಕಾಗಿ ಬರುತ್ತದೆ, ನಾಲ್ಕು ಮೀಟರಿನ ಬಂಡೆಯೂ ಅದರೊಳಗೆ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ (ಯಾವುದು ಬಿಳಿ ಎಂದು ಗೊತ್ತುಮಾಡುವ ಸೆಟ್ಟಿಂಗ್) ಮೂರನ್ನೂ ಕೈಯಾರೆ ಕಟ್ಟಿಹಾಕಬೇಕು. ಒಂದನ್ನು ಆಟೋದಲ್ಲಿ ಬಿಟ್ಟರೂ ನಾಲ್ಕು ಫೋಟೋ ನಾಲ್ಕು ಬಗೆಯಾಗುತ್ತವೆ.

ಎಲ್ಲಿ ನಿಲ್ಲಬೇಕು ಎಂಬುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಬಂಡೆಯ ಮೇಲಂಚು ಗೋಡೆಯ ಬುಡಕ್ಕೆ ತಾಗಿದರೆ ಎರಡೂ ಮತ್ತೆ ಅಂಟಿಕೊಳ್ಳುತ್ತವೆ. ಕ್ಯಾಮೆರಾ ಅರ್ಧ ಅಡಿ ಮೇಲೆದ್ದರೆ ನಡುವೆ ಒಣಹುಲ್ಲಿನ ಒಂದು ಪಟ್ಟೆ ಕಾಣುತ್ತದೆ, ಅಷ್ಟು ಸಾಕು. ಆ ಹುಲ್ಲು ಹಳದಿ, ಕಲ್ಲು ಬೂದು. ಬೇರ್ಪಡಿಸುವ ಕೆಲಸ ಅರ್ಧ ಅಲ್ಲೇ ಮುಗಿಯಿತು. ಎಡಕ್ಕೆ ಎರಡು ಹೆಜ್ಜೆ ಸರಿದರೆ ಒಂದು ಕರೆಂಟ್ ಕಂಬ ಮರೆಯಾಗುತ್ತದೆ. ಬೆಣೆಗುಳಿಗಳ ಸಾಲು ಬಲಕ್ಕೆ ಏರುತ್ತಾ ಹೋಗಿ, ಗೋಡೆ ಬಂಡೆ ಹತ್ತುವ ಜಾಗದ ಕಡೆಗೇ ಕೈ ತೋರುವಂತೆ ಬರಬೇಕಿತ್ತು. ಅದಕ್ಕೆ ಚೀಲದ ಕೆಳಗೆ ಪುಸ್ತಕ ಇಟ್ಟು ಸ್ವಲ್ಪ ಎತ್ತರಿಸಿದೆ.

ಹುಲ್ಲಿನಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಬಾಟಲಿಯನ್ನು, ಎರಡು ಚಿಪ್ಸ್ ಕವರನ್ನು ಎತ್ತಿ ಬ್ಯಾಗಿಗೆ ಹಾಕಿಕೊಂಡೆ. ಇಂಥದ್ದನ್ನು ಕಂಪ್ಯೂಟರಿನಲ್ಲಿ ಅಳಿಸುವುದು ನನಗೆ ಸರಿಕಾಣುವುದಿಲ್ಲ. ಕೈಗೆ ಸಿಗುವ ಕಸವನ್ನು ಕೈಯಲ್ಲೇ ಎತ್ತಬೇಕು, ಕೋಟೆಗೂ ಒಳ್ಳೆಯದು. ಎಡ ಅಂಚಿನಲ್ಲಿ ದೂರದ ಗುಡ್ಡದ ಮೇಲೆ ಒಂದು ಗಾಳಿಯಂತ್ರ ನಿಂತಿತ್ತು. ಅದನ್ನು ಅಳಿಸಲಿಲ್ಲ, ಕ್ರಾಪ್ ಮಾಡಿ ತೆಗೆಯಲೂ ಇಲ್ಲ. ಇವತ್ತು ದುರ್ಗದ ಸುತ್ತಲ ಗುಡ್ಡಸಾಲು ಇರುವುದೇ ಹಾಗೆ. 1779ರಲ್ಲಿ ಹೈದರಾಲಿಯ ಕೈಗೆ ಹೋದ ಕೋಟೆಯನ್ನು 1779ರ ಹಾಗೇ ತೋರಿಸುವ ಆಟ ನನಗೆ ಬೇಡ.

ಗೋಡೆಯ ಎತ್ತರ ತಿಳಿಯಬೇಕಾದರೆ ಒಬ್ಬ ಮನುಷ್ಯ ಬೇಕು. ಗೋಡೆಯ ಬುಡದ ದಾರಿಯಲ್ಲಿ ಯಾರಾದರೂ ಬರಲಿ ಎಂದು ಕಾದೆ. ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬರು ಬೆನ್ನು ತೋರಿಸಿ ನಡೆದು ಹೋದರು. ಮುಖ ಕಾಣದು, ಅಳತೆ ಸಿಕ್ಕಿತು. ನಡೆಯುವವರು ಎರಡು ಫೋಟೋಗಳ ಹೊಲಿಗೆಯಲ್ಲಿ ಎರಡು ಸಲ ಬರುವುದುಂಟು. ಅವರು ಮೂರನೇ ಫೋಟೋದ ನಡುವೆ ಬರುವವರೆಗೆ ಬೇರೆ ಫೋಟೋ ತೆಗೆಯಲಿಲ್ಲ.

ಮನೆಗೆ ಬಂದ ಮೇಲೆ

ರಾ ಫೈಲುಗಳನ್ನು (ಕ್ಯಾಮೆರಾ ಕೊಡುವ, ತಿದ್ದದ ಮೂಲ ಫೈಲು) ಡಾರ್ಕ್‌ಟೇಬಲ್‌ನಲ್ಲಿ ತೆರೆದು, ನಾಲ್ಕಕ್ಕೂ ಒಂದೇ ಸೆಟ್ಟಿಂಗ್ ಕೊಟ್ಟು, 16 ಬಿಟ್ ಟಿಫ್ ಆಗಿ ತೆಗೆದೆ. ಹೊಲಿದದ್ದು ಹಗಿನ್‌ನಲ್ಲಿ. ಎರಡೂ ಉಚಿತ ತಂತ್ರಾಂಶಗಳು. ಹಗಿನ್ ಕೇಳುವ ಮುಖ್ಯ ಪ್ರಶ್ನೆ ಪ್ರೊಜೆಕ್ಷನ್, ಅಂದರೆ ಸುತ್ತಲ ನೋಟವನ್ನು ಚಪ್ಪಟೆ ಚಿತ್ರಕ್ಕೆ ಹರಡುವ ಬಗೆ, ಯಾವುದು ಎಂಬುದು. ಸಿಲಿಂಡ್ರಿಕಲ್ ಕೊಟ್ಟರೆ ಅಗಲ ಚಿತ್ರಗಳ ಅಂಚು ಹಿಗ್ಗುವುದಿಲ್ಲ, ಆದರೆ ಕಲ್ಲಿನ ವರಸೆಗಳು ಬಿಲ್ಲಿನಂತೆ ಬಾಗುತ್ತವೆ. ನನ್ನ ಚಿತ್ರ 70 ಡಿಗ್ರಿಯಷ್ಟೇ ಅಗಲ; ರೆಕ್ಟಿಲಿನಿಯರ್ ಕೊಟ್ಟೆ, ವರಸೆ ನೆಟ್ಟಗೆ ನಿಂತಿತು. ಕತ್ತರಿಸಿದ ಮೇಲೆ ಉಳಿದದ್ದು 11,000 × 5,500 ಪಿಕ್ಸೆಲ್. 40 ಇಂಚಿಗೆ ಹರಡಿದರೆ ಇಂಚಿಗೆ 275. ಫೈಲು 360 ಎಂಬಿ ದಾಟಿತು, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದೊಂದು ಬದಲಾವಣೆಗೂ ಕಾಯಬೇಕಾಯಿತು.

ಕ್ರಾಪ್ ಮಾಡುವಾಗ ಆಕಾಶವನ್ನು ಬಹಳಷ್ಟು ಕಡಿದೆ. ಡಿಸೆಂಬರಿನ ಮುಂಜಾವಿನ ಆಕಾಶದಲ್ಲಿ ಮೋಡವಿರಲಿಲ್ಲ. ಬೇರೆ ದಿನದ ಮೋಡ ತಂದು ಅಂಟಿಸುವ ಸೌಲಭ್ಯ ಈಗ ಫೋನಿನಲ್ಲೂ ಇದೆ. ಗೋಡೆಯ ಮೇಲಿನ ಓರೆ ಬಿಸಿಲು ಮೋಡವಿಲ್ಲದ ಆಕಾಶದಿಂದಲೇ ಬಂದದ್ದು. ಮೋಡ ಅಂಟಿಸಿದರೆ ಬೆಳಕೊಂದು ಹೇಳುತ್ತದೆ, ಆಕಾಶ ಇನ್ನೊಂದು ಹೇಳುತ್ತದೆ. ಗೋಡೆಯ ತಲೆಯ ಮೇಲೆ ಉಸಿರಾಡುವಷ್ಟು ತೆಳುನೀಲಿ ಬಿಟ್ಟೆ, ಅದನ್ನು ಕಪ್ಪಾಗಿಸಲಿಲ್ಲ.

ಬಣ್ಣದಲ್ಲಿ ಮೊದಲು ನೋಡಬೇಕಾದದ್ದು ವೈಟ್ ಬ್ಯಾಲೆನ್ಸ್. ಬಣ್ಣದ ಅಳತೆಗೆ ಇಡುವ ಬೂದು ಕಾರ್ಡನ್ನು ನೆರಳಲ್ಲಿ ಒಂದು, ಬಿಸಿಲಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡಿದ್ದೆ. ಕಾರ್ಡಿನ ಲೆಕ್ಕದಂತೆ ಬಿಸಿಲನ್ನು ಪೂರ್ತಿ ಬಿಳಿ ಮಾಡಿದರೆ ಮುಂಜಾವು ಹೋಗಿ ಮಧ್ಯಾಹ್ನವಾಗುತ್ತದೆ. ಬೆಳಕಿನ ಬಣ್ಣದ ಅಳತೆಯಲ್ಲಿ 5500 ಕೆಲ್ವಿನ್‌ಗೆ ಹತ್ತಿರ ನಿಲ್ಲಿಸಿದೆ: ಬಿಸಿಲು ಬೆಚ್ಚಗೆ, ನೆರಳು ತುಸು ನೀಲಿ. ನಮ್ಮ ದುರ್ಗದ ಕಲ್ಲು ಬೂದು, ಅದರಲ್ಲಿ ಅಲ್ಲಲ್ಲಿ ನಸುಗೆಂಪಿನ ಹರಳು, ಮಳೆನೀರು ಇಳಿದ ಕಡೆ ಕಪ್ಪು ಪಟ್ಟೆ. ಈ ಮೂರೂ ಪ್ರಿಂಟಿನಲ್ಲಿ ಬೇರೆಬೇರೆಯಾಗಿ ಉಳಿಯಬೇಕು. ಸ್ಯಾಚುರೇಶನ್ ಏರಿಸಿದ ಕೂಡಲೇ ಮೊದಲು ಹೋಗುವುದು ಆ ನಸುಗೆಂಪು, ಕಲ್ಲೆಲ್ಲ ಒಂದೇ ಕಿತ್ತಳೆಯಾಗುತ್ತದೆ. ಅದಕ್ಕೇ ಆ ಗುಂಡಿ ಮುಟ್ಟಲಿಲ್ಲ.

ಗೋಡೆ ನಿಜವಾಗಿ ಬೇರೆಯಾಗಿದೆಯೇ ಎಂದು ನೋಡಲು ಒಂದು ಸುಲಭ ಪರೀಕ್ಷೆ ಇದೆ. ಬಣ್ಣ ಪೂರ್ತಿ ತೆಗೆದು ಕಪ್ಪುಬಿಳುಪು ಮಾಡಿ, ಚಿತ್ರವನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ ಗೋಡೆಯ ಗೆರೆ ಕಂಡರೆ ಬೆಳಕು ನೆರಳೇ ಆ ಕೆಲಸ ಮಾಡುತ್ತಿದೆ ಎಂದರ್ಥ. ನನ್ನ ಚಿತ್ರದಲ್ಲಿ ಎಡಗಡೆ ಎರಡು ಪಾಲು ಕಂಡಿತು. ಬಲಗಡೆ, ಗೋಡೆ ಬಂಡೆ ಹತ್ತುವಲ್ಲಿ, ಎರಡೂ ಕಲೆತು ಹೋಗಿದ್ದವು. ಇಡೀ ಎಡಿಟಿಂಗ್‌ನಲ್ಲಿ ಗಟ್ಟಿಯಾಗಿ ಕೆಲಸ ಮಾಡಿದ್ದು ಆ ಒಂದು ಮೂಲೆಯಲ್ಲಿ.

ಅಲ್ಲಿ ಸುಮ್ಮನೆ ಕಾಂಟ್ರಾಸ್ಟ್ ಏರಿಸಿದರೆ ಗೋಡೆಯ ಸಂದಿನ ಜೊತೆ ಬಂಡೆಯ ಮೇಲಿನ ಕಲ್ಲುಹೂವಿನ ಕಲೆಗಳೂ ಎದ್ದು ಬರುತ್ತವೆ, ಗೊಂದಲ ಇಮ್ಮಡಿಯಾಗುತ್ತದೆ. ಅದಕ್ಕೆ ಎರಡು ಮಾಸ್ಕ್ ಬರೆದೆ, ಅಂದರೆ ತಿದ್ದುಪಡಿ ಆ ಭಾಗಕ್ಕಷ್ಟೇ ತಾಗುವಂತೆ ಗುರುತು ಹಾಕಿದೆ. ಗೋಡೆಯ ಮಾಸ್ಕಿನಲ್ಲಿ ಸಣ್ಣ ವಿವರಗಳ ಕಾಂಟ್ರಾಸ್ಟನ್ನು ಸ್ವಲ್ಪ ಏರಿಸಿದೆ, ಸಂದುಗಳು ಗೆರೆಗೆರೆಯಾಗಿ ನಿಂತವು. ಬಂಡೆಯ ಮಾಸ್ಕಿನಲ್ಲಿ ಅದನ್ನೇ ಇಳಿಸಿ, ಅಗಲವಾದ ಬೆಳಕು ನೆರಳಿನ ಇಳಿತವನ್ನು ಮಾತ್ರ ಉಳಿಸಿದೆ, ಬಂಡೆ ದುಂಡಗಾಯಿತು. ಆಮೇಲೆ ಗೋಡೆಯ ತಲೆಯಂಚನ್ನು ಕಾಲು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ) ಬೆಳಗಿಸಿ, ಅದರ ಹಿಂದಿನ ಬಂಡೆಯ ಪಕ್ಕೆಯನ್ನು ಮೂರನೇ ಒಂದು ಸ್ಟಾಪ್ ಇಳಿಸಿದೆ. ಬಿಸಿಲು ಈಗಾಗಲೇ ಬೆಳಗಿಸಿದ್ದನ್ನೇ ಬೆಳಗಿಸಬೇಕು, ನೆರಳು ಇದ್ದಲ್ಲೇ ನೆರಳು ಹೆಚ್ಚಿಸಬೇಕು. ಸೂರ್ಯ ಬಲದಿಂದ ಬರುತ್ತಿರುವಾಗ ಎಡದ ಮೈ ಬೆಳಗಿಸಿದರೆ ಏನು ತಪ್ಪಾಗಿದೆ ಎಂದು ನೋಡುವವರಿಗೆ ಹೇಳಲು ಬರದಿದ್ದರೂ ಕಣ್ಣು ಒಪ್ಪುವುದಿಲ್ಲ. ಅರ್ಧ ಸ್ಟಾಪ್ ದಾಟಿದ ಕಡೆಯೆಲ್ಲ ಮಾಸ್ಕಿನ ಅಂಚಿನಲ್ಲಿ ಬಿಳಿ ಪ್ರಭೆ ಕಾಣಿಸಿಕೊಂಡಿತು. ಅಲ್ಲೆಲ್ಲ ಹಿಂದಕ್ಕೆ ಬಂದೆ.

ಬೆಣೆಗುಳಿಗಳಿಗೆ ಏನೂ ಮಾಡಲಿಲ್ಲ. ಓರೆ ಬಿಸಿಲಿಗೆ ಒಂದೊಂದು ಗುಳಿಯೂ ಅರ್ಧ ಬೆಳಕು ಅರ್ಧ ಕತ್ತಲಾಗಿ ತಾನಾಗೇ ನಿಂತಿತ್ತು. ಕತ್ತಲಿನ ಅರ್ಧದಲ್ಲಿ ಉಳಿಯ ಗೆರೆಗಳು ಅಳಿಯದೆ ಉಳಿದಿವೆಯೇ ಎಂದು ಬೆಳಕು ಕತ್ತಲಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನಲ್ಲಿ ನೋಡಿಕೊಂಡೆ, ಉಳಿದಿದ್ದವು.

ಪ್ರಿಂಟು, ಚೌಕಟ್ಟು

ಪರದೆ ತನ್ನದೇ ಬೆಳಕಲ್ಲಿ ಹೊಳೆಯುತ್ತದೆ, ಕಾಗದ ಕೋಣೆಯ ಬೆಳಕನ್ನು ವಾಪಸ್ ಕೊಡುತ್ತದೆ. ಆದ್ದರಿಂದ ಪರದೆಯಲ್ಲಿ ಸರಿಯಿದ್ದದ್ದು ಕಾಗದದಲ್ಲಿ ಕಪ್ಪಾಗಿ ಬರುವುದೇ ಹೆಚ್ಚು. ದೊಡ್ಡದನ್ನು ಮಾಡಿಸುವ ಮೊದಲು ಎ4 ಹಾಳೆಯಲ್ಲಿ ಒಂದು ತುಂಡು ಮಾತ್ರ ಪ್ರಿಂಟ್ ಹಾಕಿಸಿ. ಇಡೀ ಚಿತ್ರವನ್ನು ಎ4ಗೆ ಕುಗ್ಗಿಸಬೇಡಿ, ನಿಜವಾದ ಗಾತ್ರದಲ್ಲಿ ಕಷ್ಟದ ಜಾಗವನ್ನೇ ಕೊಡಿ. ನಾನು ಕೊಟ್ಟದ್ದು ಬಲಗಡೆಯ ಮೂಲೆ ಮತ್ತು ಎರಡು ಬೆಣೆಗುಳಿ, ಮೂರು ಬಗೆಯ ಬೆಳಕಿನಲ್ಲಿ: ಇದ್ದ ಹಾಗೆ, ಮೂರನೇ ಒಂದು ಸ್ಟಾಪ್ ಹೆಚ್ಚು, ಮೂರನೇ ಎರಡು ಸ್ಟಾಪ್ ಹೆಚ್ಚು. ಅವನ್ನು ಓದುವ ಕೋಣೆಗೇ ಒಯ್ದು ಗೋಡೆಗೆ ಅಂಟಿಸಿ ಹಗಲು ಒಮ್ಮೆ, ಸಂಜೆ ದೀಪ ಹಾಕಿ ಒಮ್ಮೆ ನೋಡಿದೆ. ನಡುವಿನದು ನಿಂತಿತು. ಮೂರನೆಯದರಲ್ಲಿ ಗುಳಿಯ ಕತ್ತಲು ಬೂದಿಯಾಗಿ, ಆಳವೇ ಹೋಗಿತ್ತು.

ಕಾಗದ ಮ್ಯಾಟ್. ಹೊಳಪಿನ ಕಾಗದದಲ್ಲಿ ಕಪ್ಪು ಇನ್ನೂ ಗಾಢವಾಗಿ ಬರುತ್ತದೆ ನಿಜ, ಆದರೆ ಎದುರಿಗೇ ಕಿಟಕಿ ಇದೆ, ಹಗಲೆಲ್ಲ ಚಿತ್ರದ ಬದಲು ಕಿಟಕಿಯೇ ಕಾಣುತ್ತಿತ್ತು. ಕಲ್ಲಿನ ಮೈಗೂ ಮ್ಯಾಟ್ ಹೊಂದುತ್ತದೆ. ಮ್ಯಾಟ್ ಕಾಗದ ಶಾಯಿಯನ್ನು ಹೀರಿಕೊಂಡು ಅಂಚುಗಳನ್ನು ತುಸು ಮೆದುಗೊಳಿಸುತ್ತದೆ. ಅದನ್ನು ಸರಿದೂಗಿಸಲು ಕೊನೆಯ ಶಾರ್ಪನಿಂಗನ್ನು ಪರದೆಯಲ್ಲಿ ಸ್ವಲ್ಪ ಒರಟು ಅನ್ನಿಸುವಷ್ಟು ಕೊಡಬೇಕು. ಲ್ಯಾಬಿನವರು ಕೇಳಿದ್ದು ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣಪದ್ಧತಿಯ ಫೈಲು, ಹಾಗೇ ಕೊಟ್ಟೆ. "ಕಲರ್ ಸ್ವಲ್ಪ ಬೂಸ್ಟ್ ಮಾಡ್ಲಾ ಸಾರ್?" ಎಂದು ಕೌಂಟರಿನ ಹುಡುಗ ಕೇಳಿದ. ಬೇಡ, ಯಾವ ತಿದ್ದುಪಡಿಯೂ ಬೇಡ ಎಂದು ಆರ್ಡರ್ ಚೀಟಿಯ ಮೇಲೆ ಬರೆಸಿದೆ. ಇದನ್ನು ಬರೆಸದಿದ್ದರೆ ಯಂತ್ರ ತಾನೇ ಬಣ್ಣ ತಿದ್ದಿಬಿಡುವುದುಂಟು.

ಚೌಕಟ್ಟಿಗೆ ಹಾಕುವಾಗ ಪ್ರಿಂಟನ್ನು ಹಿಂದಿನ ಬೋರ್ಡಿಗೆ ಮೇಲಂಚಿನಲ್ಲಿ ಮಾತ್ರ, ಆಸಿಡ್ ಇಲ್ಲದ ಟೇಪಿನಿಂದ ತೂಗುಹಾಕಿದೆ. ನಾಲ್ಕೂ ಕಡೆ ಅಂಟಿಸಿದರೆ ಮಳೆಗಾಲದ ತೇವಕ್ಕೆ ಕಾಗದ ಹಿಗ್ಗಿ ನಡುವೆ ಉಬ್ಬುತ್ತದೆ. ಸುತ್ತ ಮೂರು ಇಂಚಿನ ಮೌಂಟ್ ಬೋರ್ಡ್ ಇಟ್ಟದ್ದು ಅಂದಕ್ಕೂ ಹೌದು, ಪ್ರಿಂಟು ಗಾಜಿಗೆ ತಾಗದಿರಲೂ ಹೌದು. ತಾಗಿದರೆ ತೇವದಲ್ಲಿ ಗಾಜಿಗೇ ಅಂಟಿಕೊಂಡು ಕೀಳಲು ಬರುವುದಿಲ್ಲ. ಬೋರ್ಡಿನ ಬಣ್ಣ ಅಚ್ಚ ಬಿಳಿಯಲ್ಲ, ಕೆನೆಬಿಳಿ. ಅಚ್ಚ ಬಿಳಿಯ ಪಕ್ಕದಲ್ಲಿ ಡಿಸೆಂಬರಿನ ತೆಳು ಆಕಾಶ ಕೊಳಕಾಗಿ ಕಾಣುತ್ತಿತ್ತು.

ಓದುವ ಕೋಣೆಯಲ್ಲಿ ಜನ ಕೂತೇ ಇರುತ್ತಾರೆ, ಆದ್ದರಿಂದ ಮಾಮೂಲಿಗಿಂತ ಅರ್ಧ ಅಡಿ ತಗ್ಗಿಸಿ ಮೊಳೆ ಹೊಡೆದೆವು. ಮೇಲಿನ ಎಲ್‌ಇಡಿ ದೀಪವನ್ನು 4000 ಕೆಲ್ವಿನ್‌ನದಕ್ಕೆ ಬದಲಿಸಿ, ಗೋಡೆಗೆ 30 ಡಿಗ್ರಿ ಓರೆಯಲ್ಲಿ ತಿರುಗಿಸಿದ್ದೇವೆ. ಗಾಜಿನ ಹೊಳಪು ಕೂತವರ ಕಣ್ಣಿಗೆ ಹೊಡೆಯುವುದಿಲ್ಲ. ಪರೀಕ್ಷೆಗೆ ಹಾಕಿಸಿದ ತುಂಡುಗಳ ಹಿಂದೆ ಕಾಗದದ ಹೆಸರು, ಏರಿಸಿದ ಸ್ಟಾಪ್, ದಿನಾಂಕ ಬರೆದು ಲಕೋಟೆಗೆ ಹಾಕಿಟ್ಟಿದ್ದೇನೆ. ಮುಂದಿನ ಕೆಲಸ ಸಂತೇಬೆನ್ನೂರಿನ ಪುಷ್ಕರಿಣಿ. ಅಲ್ಲಿ ತೊಡಕು ಬೇರೆ: ಮಂಟಪವನ್ನೂ ನೀರಲ್ಲಿನ ಅದರ ಬಿಂಬವನ್ನೂ ಒಂದೇ ಎಕ್ಸ್‌ಪೋಷರಿನಲ್ಲಿ ಹಿಡಿಯಬೇಕು, ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ತಿರುಗಿಸಿದರೆ ನೀರಿನ ಹೊಳಪಿನ ಜೊತೆ ಬಿಂಬವೂ ಹೋಗುತ್ತದೆ. ಅದಕ್ಕೆ ಒಂದು ಕಡೆ ಕಪ್ಪಾಗಿ ಇನ್ನೊಂದು ಕಡೆಗೆ ತಿಳಿಯಾಗುತ್ತಾ ಹೋಗುವ ಇಳಿಬಣ್ಣದ ಫಿಲ್ಟರ್ ಒಂದನ್ನು ತರಿಸಿದ್ದೇನೆ, ರಾಗಿ ಚೀಲ ಅದೇ.